ಕಪ್ಪು ದ್ರಾಕ್ಷಿಯ ಪರವಾಗಿ

ನಮ್ಮ ಮನೆಯಲ್ಲಿ ಮದ್ಯದ ಹೆಸರೆತ್ತುವಂತಿರಲಿಲ್ಲ. ಆದರೆ ಅಜ್ಜಿಯ ಮಂಚದ ಪಕ್ಕದ ಗೂಡಿನಲ್ಲಿದ್ದ ದ್ರಾಕ್ಷಾರಿಷ್ಟದ ಸೀಸೆ ಒಂದು ದಿನವಾದರೂ ಬರಿದಾಗಿದ್ದುದು ನನಗೆ ನೆನಪಿಲ್ಲ. ರಾತ್ರಿ ಊಟವಾದ ಮೇಲೆ ಎರಡು ಚಮಚ ಅರಿಷ್ಟಕ್ಕೆ ಅಷ್ಟೇ ಬಿಸಿನೀರು ಬೆರೆಸಿ, ಕಣ್ಣು ಮುಚ್ಚಿ ಕುಡಿದು, ಜೀರ್ಣಕ್ಕೆ ಒಳ್ಳೆಯದೆಂದು ಯಾರೂ ಕೇಳದಿದ್ದರೂ ಹೇಳಿ ಅವಳು ಮಲಗುತ್ತಿದ್ದಳು. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲವನ್ನೂ ಧಾತಕಿ ಹೂವನ್ನೂ ಹಾಕಿ, ಬಾಯಿ ಕಟ್ಟಿದ ಪಾತ್ರೆಯಲ್ಲಿ ವಾರಗಟ್ಟಲೆ ಇಟ್ಟಾಗ ಅದು ಹುದುಗಿ ಅರಿಷ್ಟವಾಗುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಸೀಸೆಯ ಚೀಟಿಯ ಮೇಲೆ ತಾನಾಗಿ ಹುಟ್ಟಿದ ಮದ್ಯಸಾರ ಶೇಕಡಾ 5ರಿಂದ 10ರವರೆಗೆ ಇದೆ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಓದಿದಾಗಲಂತೂ ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಸಾಮಾನ್ಯ ಬಿಯರಿಗೆ ಕಡಿಮೆಯಿಲ್ಲದ ಬಲದ ದ್ರಾಕ್ಷಿಯ ಪಾನೀಯವನ್ನು ನಮ್ಮ ಮನೆಯ ಅತ್ಯಂತ ಮಡಿವಂತ ಜೀವ ಪ್ರತಿರಾತ್ರಿ ಸೇವಿಸುತ್ತಿತ್ತು. ಚಮಚದಲ್ಲಿ ಕುಡಿದದ್ದು ಔಷಧ, ಲೋಟದಲ್ಲಿ ಕುಡಿದದ್ದು ಮದ್ಯ. ವ್ಯತ್ಯಾಸ ಅಷ್ಟೇ ಇತ್ತು.

ಮಂಗಳೂರಿನಲ್ಲಿ ನಮ್ಮ ಕಾಂಪೌಂಡಿನ ಆಚೆಗೆ ಇದ್ದದ್ದು ಒಬ್ಬ ಬಾಯಮ್ಮನ ಮನೆ. ನಮ್ಮ ಕಡೆ ಕ್ರೈಸ್ತ ಗೃಹಿಣಿಯರನ್ನು ಹಾಗೆ ಕರೆಯುವುದು ರೂಢಿ. ನವೆಂಬರ್ ಬಂತೆಂದರೆ ಅವರ ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ, ಉಪ್ಪಿನಕಾಯಿಯ ಭರಣಿಗಳ ಸಾಲಿನಲ್ಲಿ, ಕಂದು ಕೊರಳಿನ ದೊಡ್ಡ ಭರಣಿಯೊಂದು ಬಿಳಿ ಬಟ್ಟೆಯ ತಲೆಕಟ್ಟಿನೊಂದಿಗೆ ಕುಳಿತುಕೊಳ್ಳುತ್ತಿತ್ತು. ಕ್ರಿಸ್ಮಸ್ಸಿನಂದು ನಮ್ಮ ಮನೆಗೆ ಬರುತ್ತಿದ್ದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊಗಳ ಜೊತೆಗೆ ಹಳೆಯ ಔಷಧದ ಸೀಸೆಯೊಂದರಲ್ಲಿ ಕೆನ್ನೀಲಿ ಬಣ್ಣದ ದ್ರವವೂ ಇರುತ್ತಿತ್ತು. ತಟ್ಟೆಯನ್ನು ಅಮ್ಮ ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ಸೀಸೆ ಮಾತ್ರ ಸದ್ದಿಲ್ಲದೆ ಅಪ್ಪನ ಕಪಾಟಿಗೆ ಹೋಗುತ್ತಿತ್ತು. ಅದರ ರುಚಿ ನೋಡಲು ನನಗೆ ಅನುಮತಿ ಸಿಗುವ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ರುಚಿ ನೋಡಿದೆ, ಪಾನಕದಷ್ಟು ಸಿಹಿಯೆನಿಸಿತು. ನಗರದಲ್ಲಿ ನಾಲ್ಕು ಬಗೆಯ ವೈನ್ ಕುಡಿದು ಬಂದಿದ್ದ ನನಗೆ ಅದು ವೈನೆಂದೇ ತೋರಲಿಲ್ಲ. ಈ ಬರಹ ಆ ತೀರ್ಪನ್ನು ಹಿಂದಕ್ಕೆ ಪಡೆದುಕೊಂಡ ಕಥೆ.

ಮೊದಲು ಹಣ್ಣಿನ ವಿಷಯ. ಬೆಂಗಳೂರಿನ ಸುತ್ತಲಿನ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ನಾವು ಕಪ್ಪು ದ್ರಾಕ್ಷಿ ಎಂದೋ ಬೆಂಗಳೂರು ಬ್ಲೂ ಎಂದೋ ಕರೆಯುವ ಹಣ್ಣು ಯೂರೋಪಿನ ವೈನ್ ದ್ರಾಕ್ಷಿಯ ಕುಲಕ್ಕೆ ಸೇರಿದ್ದಲ್ಲ. ಅದರ ಮೂಲ ಉತ್ತರ ಅಮೆರಿಕದ ಕಾಡುಬಳ್ಳಿ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಲಾಬ್ರಸ್ಕಾ ಎಂಬ ಹೆಸರು. ಹಣ್ಣನ್ನು ಬೆರಳಿನ ನಡುವೆ ಒತ್ತಿದರೆ ತಿರುಳು ಇಡಿಯಾಗಿ ಜಾರಿ ಬಾಯಿಗೆ ಬೀಳುತ್ತದೆ, ದಪ್ಪನೆಯ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಆ ಸಿಪ್ಪೆಯಲ್ಲಿ ಬಣ್ಣವಿದೆ, ತಿರುಳಿನಲ್ಲಿ ಹುಳಿಯಿದೆ, ಎರಡರ ನಡುವೆ ಮೂಗಿಗೆ ತಟ್ಟನೆ ಬಡಿಯುವ ಒಂದು ಗಾಢವಾದ ಪರಿಮಳವಿದೆ. ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವಿನಿಂದ ಹುಟ್ಟುವ ಆ ಪರಿಮಳವನ್ನು ಯೂರೋಪಿನ ವೈನ್ ಪಂಡಿತರು ನರಿಯ ವಾಸನೆಯೆಂದು ಕರೆದು ಮೂಗು ಮುರಿದಿದ್ದಾರೆ. ನಮಗಾದರೋ ದ್ರಾಕ್ಷಿಯೆಂದರೆ ಬರಬೇಕಾದ ವಾಸನೆ ಅದೇ; ದ್ರಾಕ್ಷಿಯ ಚಾಕಲೇಟಿನಲ್ಲೂ ದ್ರಾಕ್ಷಿಯ ಶರಬತ್ತಿನಲ್ಲೂ ನಾವು ಬಾಲ್ಯದಿಂದ ಕಂಡದ್ದು ಅದನ್ನೇ. ಬೆಂಗಳೂರು ಬ್ಲೂ ತಳಿಯೂ ಇಸಾಬೆಲ್ಲಾ ಎಂಬ ಅಮೆರಿಕದ ತಳಿಯೂ ಒಂದೇ ಎಂದು ತೋಟಗಾರಿಕೆಯ ಹಲವು ಪುಸ್ತಕಗಳು ಗುರುತಿಸುತ್ತವೆ. ಈ ಇಸಾಬೆಲ್ಲಾದಿಂದ ವೈನ್ ಮಾಡಿ ಮಾರುವುದಕ್ಕೆ ಫ್ರಾನ್ಸಿನಲ್ಲಿ 1930ರ ದಶಕದಿಂದ ನಿಷೇಧವಿದೆ. ಇಟಲಿಯ ಹಳ್ಳಿಗಳಲ್ಲಿ ಮಾತ್ರ ಮನೆಯ ಮಟ್ಟಿಗೆ ಅದರ ವೈನ್ ಮಾಡಿಕೊಂಡು, ಫ್ರಾಗೊಲಿನೊ ಎಂದು ಕರೆದು, ಸದ್ದಿಲ್ಲದೆ ಕುಡಿಯುವವರು ಇಂದಿಗೂ ಇದ್ದಾರೆ.

ನಮ್ಮ ಹವೆಯಲ್ಲಿ ಈ ಬಳ್ಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ರೋಗಗಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಆದ್ದರಿಂದ ಅಗ್ಗ. ಭಾರತದಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಸಿಹಿ ವೈನಿನಲ್ಲಿ ಬಹುಪಾಲು ಇದೇ ಹಣ್ಣಿನದು. ಪೋರ್ಚುಗಲ್ಲಿನ ಡೂರೋ ಕಣಿವೆಯ ನಿಜವಾದ ಪೋರ್ಟಿಗೆ ಹುದುಗುವಿಕೆಯ ನಡುವೆಯೇ ಬ್ರಾಂಡಿಯಂಥ ಮದ್ಯಸಾರ ಬೆರೆಸಿ ಅದರ ಬಲವನ್ನು ಶೇಕಡಾ 20ರ ಹತ್ತಿರಕ್ಕೆ ಒಯ್ಯುತ್ತಾರೆ. ಹೆಸರೊಂದನ್ನು ಬಿಟ್ಟರೆ ನಮ್ಮದಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ. ಇದೇ ನಂದಿ ಬೆಟ್ಟದ ತಪ್ಪಲಿನಲ್ಲಿ 1980ರ ದಶಕದ ಕೊನೆಯಲ್ಲಿ ಗ್ರೋವರ್ ಕುಟುಂಬ ಫ್ರಾನ್ಸಿನ ತಳಿಗಳನ್ನು ನೆಟ್ಟಿತು, ಮುಂದೆ ಫ್ರಾನ್ಸಿನ ವೈನ್ ಸೀಮೆಯಾದ ಬೋರ್ದೋ ಕಡೆಯ ಪ್ರಸಿದ್ಧ ವೈನ್ ತಜ್ಞ ಮಿಶೆಲ್ ರೋಲಾಂ ಅವರ ಸಲಹೆಯನ್ನೂ ಪಡೆಯಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿಗೆ ಪ್ರತ್ಯೇಕ ನೀತಿಯನ್ನೇ ತಂದಿತು. ಹೀಗಾಗಿ ಒಂದೇ ರಸ್ತೆಯ ಎಡಕ್ಕೆ ಕಾಬರ್ನೇ ಸೊವಿನ್ಯೋನ್ ಎಂಬ ಫ್ರೆಂಚ್ ತಳಿ, ಬಲಕ್ಕೆ ಕಪ್ಪು ದ್ರಾಕ್ಷಿ ಬೆಳೆಯುವ ವಿಚಿತ್ರ ಸೌಭಾಗ್ಯ ನಮ್ಮ ಜಿಲ್ಲೆಗಳದ್ದಾಗಿದೆ. ಒಂದನ್ನು ನೋಡಲು ಜನ ಟಿಕೆಟ್ಟು ಕೊಂಡು ಹೋಗುತ್ತಾರೆ. ಇನ್ನೊಂದನ್ನು ಹೆದ್ದಾರಿಯ ಪಕ್ಕದ ತಳ್ಳುಗಾಡಿಯಲ್ಲಿ ಚೌಕಾಸಿ ಮಾಡುತ್ತಾರೆ.

ಆ ತಳ್ಳುಗಾಡಿಯಿಂದಲೇ ನನ್ನ ಪ್ರಯೋಗ ಆರಂಭವಾದದ್ದು. ಅದಕ್ಕೂ ಮೊದಲು ಬಾಯಮ್ಮನಿಗೆ ಫೋನ್ ಮಾಡಿ ಅವರ ಕ್ರಮವನ್ನು ಬರೆದುಕೊಂಡಿದ್ದೆ. ಒಂದು ಕಿಲೋ ಕಪ್ಪು ದ್ರಾಕ್ಷಿ, ಒಂದು ಕಿಲೋ ಸಕ್ಕರೆ, ಕುದಿಸಿ ಆರಿಸಿದ ಒಂದೂವರೆ ಲೀಟರ್ ನೀರು, ಒಂದು ಹಿಡಿ ಗೋಧಿ, ಅರ್ಧ ಚಮಚ ಈಸ್ಟ್, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ಹಣ್ಣನ್ನು ತೊಟ್ಟು ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಹೋಗುವವರೆಗೆ ಆರಿಸಬೇಕು; ಕೈಯಿಂದ ಹಿಸುಕಬೇಕೇ ಹೊರತು ಮಿಕ್ಸಿಗೆ ಹಾಕಬಾರದು, ಬೀಜ ಒಡೆದರೆ ಕಹಿ ಇಳಿಯುತ್ತದೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಬೇಕು. 21 ದಿನ ಕಳೆದ ಮೇಲೆ ಸೋಸಿ, ಇನ್ನೂ 21 ದಿನ ಕದಲಿಸದೆ ಇಟ್ಟು, ಮೇಲಿನ ತಿಳಿಯನ್ನು ಸೀಸೆಗೆ ಬಗ್ಗಿಸಬೇಕು. ಬಣ್ಣ ಸಾಲದಿದ್ದರೆ ಸಕ್ಕರೆಯನ್ನು ಸುಟ್ಟು ಪಾಕ ಮಾಡಿ ಬೆರೆಸಬಹುದು. ಕಲಕುವಾಗ ಸೌಟು ಒಂದೇ ದಿಕ್ಕಿಗೆ ತಿರುಗಬೇಕು ಎಂಬುದು ಕೊನೆಯ ನಿಯಮ.

"ಗೋಧಿ ಯಾಕೆ ಬಾಯಮ್ಮ?" ಎಂದು ಕೇಳಿದೆ.

"ಎಂತ ಪ್ರಶ್ನೆ ಮಾರಾಯ ಅದು? ಗೋಧಿ ಹಾಕದಿದ್ದರೆ ವೈನಿಗೆ ಮೈ ಬರುವುದಿಲ್ಲ" ಎಂದರು.

ನಾನು ಓದಿದವನು. ಒಂದು ಸಂಜೆ ಕುಳಿತು ಆ ಚೀಟಿಯ ಲೆಕ್ಕ ಹಾಕಿದೆ. ದ್ರಾಕ್ಷಿಯ ರಸ, ನೀರು, ಕರಗಿದ ಸಕ್ಕರೆ ಎಲ್ಲ ಸೇರಿ ಸುಮಾರು ಎರಡೂಮುಕ್ಕಾಲು ಲೀಟರ್ ದ್ರವ. ಅದರಲ್ಲಿ ಲೀಟರಿಗೆ 400 ಗ್ರಾಮಿನಷ್ಟು ಸಕ್ಕರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ ಹುಟ್ಟುತ್ತದೆ ಎಂಬುದು ವೈನ್ ಮಾಡುವವರ ಸಾಮಾನ್ಯ ಸೂತ್ರ. ಆ ಲೆಕ್ಕದಲ್ಲಿ ಭರಣಿಯ ಸಕ್ಕರೆಯೆಲ್ಲ ಹುದುಗುವುದಾದರೆ ಮದ್ಯಸಾರ ಶೇಕಡಾ 23 ದಾಟಬೇಕು. ಆದರೆ ಈಸ್ಟ್ ತಾನು ಹುಟ್ಟಿಸಿದ ಮದ್ಯಸಾರದಲ್ಲಿ ತಾನೇ ಮುಳುಗಿ ಸಾಯುವ ಜೀವಿ. ಅಡುಗೆಮನೆಯ ಬ್ರೆಡ್ಡಿನ ಈಸ್ಟ್ ಶೇಕಡಾ 12–13ರ ಸುಮಾರಿಗೆ ಕೈಚೆಲ್ಲುತ್ತದೆ. ಅಲ್ಲಿಗೆ ಲೀಟರಿಗೆ 180 ಗ್ರಾಮಿನಷ್ಟು ಸಕ್ಕರೆ ಹುದುಗದೆ ಹಾಗೆಯೇ ಉಳಿಯುತ್ತದೆ. ಅಂಗಡಿಯ ಯಾವ ತಂಪು ಪಾನೀಯದಲ್ಲೂ ಅಷ್ಟು ಸಿಹಿಯಿಲ್ಲ. ರೋಗ ಪತ್ತೆಯಾಯಿತೆಂದು ನನಗೆ ಬಹಳ ಸಂತೋಷವಾಯಿತು. ಬಾಯಮ್ಮನ ವೈನನ್ನು ತಿದ್ದುವುದೆಂದು ತೀರ್ಮಾನಿಸಿ, ರಸದ ಸಕ್ಕರೆ ಅಳೆಯುವ ಗಾಜಿನ ಹೈಡ್ರೋಮೀಟರನ್ನೂ, ವೈನಿಗೆಂದೇ ಸಿಗುವ ಈಸ್ಟಿನ ಪೊಟ್ಟಣವನ್ನೂ ತರಿಸಿದೆ.

ಕಿಲೋಗೆ 70 ರೂಪಾಯಿಯಂತೆ ಐದು ಕಿಲೋ ಹಣ್ಣು ತಂದೆ. ನೀರು ಒಂದು ತೊಟ್ಟೂ ಇಲ್ಲ, ಲವಂಗವಿಲ್ಲ, ಚಕ್ಕೆಯಿಲ್ಲ, ಗೋಧಿಯಂತೂ ಇಲ್ಲವೇ ಇಲ್ಲ. ರಸದಲ್ಲಿ ಲೀಟರಿಗೆ 180 ಗ್ರಾಂ ಸಕ್ಕರೆಯಿತ್ತು. ಅದನ್ನು ಶೇಕಡಾ 12ರ ವೈನಿಗೆ ಬೇಕಾದಷ್ಟು ಏರಿಸಲು ಇಡೀ ಭರಣಿಗೆ 100 ಗ್ರಾಂ ಸಕ್ಕರೆ ಸಾಕಾಯಿತು. ಬಾಯಮ್ಮನ ಲೆಕ್ಕದಲ್ಲಿ ಅಷ್ಟು ಹಣ್ಣಿಗೆ ಐದು ಕಿಲೋ ಬೇಕಿತ್ತು!

ಮುಂದಿನ ಹತ್ತು ದಿನಗಳನ್ನು ನಾನು ಮರೆಯುವುದಿಲ್ಲ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಸಿಪ್ಪೆಗಳೆಲ್ಲ ಮೇಲಕ್ಕೆ ತೇಲಿ ಬಂದು ದಪ್ಪ ರೊಟ್ಟಿಯಂತೆ ಹೆಪ್ಪುಗಟ್ಟಿದವು. ಮೂರನೆಯ ರಾತ್ರಿ ಮನೆಯ ಗಡಿಯಾರದ ಸದ್ದಡಗಿದ ಹೊತ್ತಿನಲ್ಲಿ ಅಡುಗೆಮನೆಯಿಂದ ಸಣ್ಣ ಮಳೆ ಹನಿಯುವಂಥ ಸದ್ದು ಕೇಳಿಸಿತು. ಭರಣಿಗೆ ಕಿವಿಯಿಟ್ಟರೆ ಒಳಗೆ ಸಾವಿರ ಗುಳ್ಳೆಗಳು ಒಡೆಯುತ್ತಿದ್ದವು. ಸಕ್ಕರೆಯ ಒಂದೊಂದು ಅಣುವನ್ನೂ ಈಸ್ಟ್ ಮುರಿದು ಎರಡು ಅಣು ಮದ್ಯಸಾರ, ಎರಡು ಅಣು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಸಮೀಕರಣ ಕಿವಿಗೆ ಕೇಳಿಸಿದ್ದು ಅಂದೇ ಮೊದಲು. ಮನೆಯೆಲ್ಲ ಹಣ್ಣು, ಬ್ರೆಡ್ಡು, ದೋಸೆಹಿಟ್ಟು ಮೂರೂ ಬೆರೆತ ವಾಸನೆ. ದಿನವೂ ಕಲಕುವುದೇಕೆ ಎಂಬುದೂ ಆಗಲೇ ಅರ್ಥವಾಯಿತು: ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಾದ್ದರಿಂದ ಅದು ರಸದಲ್ಲಿ ಮುಳುಗಬೇಕು, ಮೇಲೆ ಒಣಗಿ ನಿಂತರೆ ಬೂಷ್ಟು ಹಿಡಿಯುತ್ತದೆ, ಇಲ್ಲವೇ ಗಾಳಿಯ ಸಹಾಯದಿಂದ ಮದ್ಯಸಾರವನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳು ಅಲ್ಲಿ ಬೀಡುಬಿಡುತ್ತವೆ. ಫ್ರಾನ್ಸಿನ ವೈನುಗಳು ಕೆಡುವುದಕ್ಕೆ ಇಂಥ ಸೂಕ್ಷ್ಮಜೀವಿಗಳೇ ಕಾರಣವೆಂದು ಲೂಯಿ ಪಾಶ್ಚರ್ 1860ರ ದಶಕದಲ್ಲಿ ತೋರಿಸಿಕೊಟ್ಟ. ಹಾಲಿಗೆ ಅಂಟಿಕೊಂಡಿರುವ ಪಾಶ್ಚರೀಕರಣವೆಂಬ ಹೆಸರು ಮೊದಲು ಹುಟ್ಟಿದ್ದು ವೈನಿನ ಸಲುವಾಗಿ. ಸೌಟು ಒಂದೇ ದಿಕ್ಕಿಗೆ ತಿರುಗಬೇಕು ಎಂಬುದಕ್ಕೆ ಮಾತ್ರ ಪಾಶ್ಚರನಲ್ಲಿ ಆಧಾರ ಸಿಗಲಿಲ್ಲ. ಆದರೂ ಒಂದೇ ದಿಕ್ಕಿಗೆ ತಿರುಗಿಸಿದೆ.

ಎರಡು ಅನಾಹುತಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸೋಸಿದ ವೈನಿನಲ್ಲಿ ಹುದುಗು ಪೂರ್ತಿ ನಿಂತಿರಲಿಲ್ಲವೆಂಬುದನ್ನು ಗಮನಿಸದೆ ಒಂದು ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಕಪಾಟಿನಲ್ಲಿಟ್ಟೆ. ಐದನೆಯ ದಿನ ಮಧ್ಯಾಹ್ನ ಅದು ಸಿಡಿಯಿತು. ಯಾರೂ ಹತ್ತಿರವಿರಲಿಲ್ಲ ಎಂಬುದೊಂದೇ ಪುಣ್ಯ. ಗೋಡೆಯ ಮೇಲಿನ ನೇರಳೆ ಕಲೆ ಎರಡು ಸಲ ಸುಣ್ಣ ಹೊಡೆಸಿದ ಮೇಲೂ ಮಾಸಲಾಗಿ ಕಾಣುತ್ತದೆ. ಇನ್ನೊಂದು ಸೀಸೆಯನ್ನು ಅರ್ಧ ತುಂಬಿಸಿ, ಉಳಿದರ್ಧ ಗಾಳಿಯನ್ನು ಹಾಗೆಯೇ ಬಿಟ್ಟಿದ್ದೆ. ಅದು ತಿಂಗಳೊಳಗೆ ಒಳ್ಳೆಯ ವಿನೆಗರ್ ಆಯಿತು. ಹುದುಗುವಾಗ ಗಾಳಿ ಹೊರಗೆ ಹೋಗಲು ದಾರಿ ಬಿಡಬೇಕು, ಹುದುಗಿದ ಮೇಲೆ ಒಳಗೆ ಬರಲು ದಾರಿ ಇರಬಾರದು. ಈ ಕೆಲಸದ ಮುಕ್ಕಾಲು ವಿದ್ಯೆ ಇಷ್ಟೇ. ಉಳಿದ ಕಾಲು ಭಾಗ ಶುಚಿತ್ವ. ಪಾತ್ರೆ, ಸೌಟು, ಬಟ್ಟೆ, ಸೀಸೆ ಎಲ್ಲವೂ ಕುದಿನೀರು ಕಂಡು ಬಿಸಿಲಲ್ಲಿ ಒಣಗಿರಬೇಕು. ಉಪ್ಪಿನಕಾಯಿ ಹಾಕಿ ಪಳಗಿದ ಕೈಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮನೆಯಲ್ಲಿ ಮಾಡಿದ್ದು ವಿಷವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹುದುಗಿಸುವುದಕ್ಕೂ ಭಟ್ಟಿ ಇಳಿಸುವುದಕ್ಕೂ ಇರುವ ಅಂತರವನ್ನು ಅವರು ಗಮನಿಸಬೇಕು. ಹಣ್ಣು ಹುದುಗುವಾಗ ಮೆಥನಾಲ್ ಎಂಬ ವಿಷ ಹುಟ್ಟುವುದು ಅತ್ಯಲ್ಪ. ಕಾಯಿಸಿ ಆವಿ ಹಿಡಿಯುವ ಕೆಲಸಕ್ಕೆ ಕೈಹಾಕದಿದ್ದರೆ ಅದು ಒಂದೆಡೆ ಸಾಂದ್ರವಾಗುವ ಪ್ರಶ್ನೆಯಿಲ್ಲ. ಜನ ಸತ್ತ ಕಳ್ಳಭಟ್ಟಿ ದುರಂತಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ಹೊರಗಿನಿಂದ ಬೆರೆಸಿದ ಕೈಗಾರಿಕಾ ಮೆಥನಾಲ್. ಹಾಗೆಂದು ವೈನ್ ಹೃದಯಕ್ಕೆ ಒಳ್ಳೆಯದೆಂಬ ವಾದವನ್ನೂ ನಾನು ಮಾಡುವುದಿಲ್ಲ; ಆರೋಗ್ಯದ ದೃಷ್ಟಿಯಿಂದ ಮದ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಜ್ಜಿಯಂತೆ ಜೀರ್ಣದ ನೆಪ ಹೇಳುವ ಧೈರ್ಯ ನನಗಿಲ್ಲ. ರುಚಿಗಾಗಿ ಕುಡಿಯುತ್ತೇನೆ, ಅದೂ ಸಣ್ಣ ಲೋಟದಲ್ಲಿ.

ಕಾನೂನಿನ ಮಾತೂ ಬರಬೇಕು. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕ್ರಿಸ್ಮಸ್ಸಿನ ಭರಣಿಗಳೂ ಮಡಿಕೇರಿಯ ಮನೆಗಳ ಹಣ್ಣಿನ ವೈನುಗಳೂ ತಲೆಮಾರುಗಳಿಂದ ಈ ಕಾಯಿದೆಯ ನೆರಳಿನಲ್ಲೇ, ಹಬ್ಬದ ಹೆಸರಿನಲ್ಲಿ, ನಡೆದುಕೊಂಡು ಬಂದಿವೆ. ಹಳೆಯ ರಾಜನೀತಿ ಈ ವಿಷಯದಲ್ಲಿ ಇನ್ನಷ್ಟು ಸೂಕ್ಷ್ಮವಾಗಿತ್ತು ಎನ್ನಬೇಕು. ಸುರೆಯ ಮೇಲ್ವಿಚಾರಣೆಗೆ ಅಧ್ಯಕ್ಷನನ್ನೇ ನೇಮಿಸಿ, ತಯಾರಿಕೆಯನ್ನೂ ಮಾರಾಟವನ್ನೂ ರಾಜ್ಯದ ಹಿಡಿತದಲ್ಲಿಟ್ಟ ಕೌಟಿಲ್ಯನ ಅರ್ಥಶಾಸ್ತ್ರ, ಗೃಹಸ್ಥರು ವಿಶೇಷ ಸಮಾರಂಭಗಳಿಗೆ ಬಿಳಿ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದೆಂದು ವಿನಾಯಿತಿ ಕೊಡುತ್ತದೆ. ಉತ್ಸವ, ಯಾತ್ರೆಗಳಿಗೆ ನಾಲ್ಕು ದಿನಗಳ ಅನುಮತಿಯೂ ಅಲ್ಲಿದೆ. ದ್ರಾಕ್ಷಿಯ ರಸದಿಂದ ಆದದ್ದನ್ನು ಆ ಗ್ರಂಥ ಮಧು ಎಂದು ಕರೆದು, ಅದು ಬರುವ ನಾಡುಗಳಾದ ಕಾಪಿಶಿ ಮತ್ತು ಹಾರಹೂರಗಳ ಹೆಸರಿನಿಂದಲೇ ಅದರ ಬಗೆಗಳನ್ನು ಹೇಳುತ್ತದೆ. ಊರಿನ ಹೆಸರಿನಿಂದ ವೈನನ್ನು ಗುರುತಿಸುವ ಪದ್ಧತಿಗೆ ಫ್ರೆಂಚರನ್ನು ಮಾತ್ರ ಹೊಗಳಬೇಕಾಗಿಲ್ಲ. ನನ್ನ ಮಟ್ಟಿಗೆ, ಒಂದು ಸೀಸೆಯನ್ನೂ ಮಾರಿಲ್ಲ, ಮಾರುವುದೂ ಇಲ್ಲ. ಕಾಯಿದೆಯ ಮುಂದೆ ಅದು ನೆಪವಾಗಲಾರದು ಎಂಬುದೂ ಗೊತ್ತಿದೆ.

ಮೂರು ತಿಂಗಳು ಕಳೆದು ನನ್ನ ತಿದ್ದುಪಡಿಯ ವೈನನ್ನು ಲೋಟಕ್ಕೆ ಬಗ್ಗಿಸಿದೆ. ಬಣ್ಣ ನೋಡಿದರೆ ಎದೆಯುಬ್ಬುವಂತಿತ್ತು. ಒಂದು ಗುಟುಕು ಕುಡಿದೆ. ಹಲ್ಲು ಜುಮ್ಮೆಂದಿತು. ಸಿಹಿಯೆಂಬುದು ಪೂರ್ತಿ ಹುದುಗಿ ಹೋಗಿದ್ದರಿಂದ, ಅದರ ಮರೆಯಲ್ಲಿ ಕುಳಿತಿದ್ದ ಹುಳಿಯೆಲ್ಲ ಎದ್ದು ನಿಂತಿತ್ತು. ನನಗೆ ಪ್ರಿಯವಾದ ಆ ದ್ರಾಕ್ಷಿಯ ಪರಿಮಳ, ಸಿಹಿಯ ಆಸರೆ ತಪ್ಪಿದೊಡನೆ, ದೇವರ ಮನೆಯ ಸೆಂಟಿನ ಎಣ್ಣೆಯಂತೆ ಮೂಗಿಗೆ ಹತ್ತುತ್ತಿತ್ತು. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಒಂದು ಸೀಸೆಯನ್ನು ಬಾಯಮ್ಮನ ಮುಂದಿಟ್ಟೆ. ಅವರು ನಾಲಿಗೆಯ ತುದಿಗೆ ತಾಗಿಸಿ, ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಬಣ್ಣ ಒಳ್ಳೆಯದುಂಟು. ಸಕ್ಕರೆಗೆ ದುಡ್ಡಿರಲಿಲ್ಲವಾ ಮಗಾ?" ಎಂದರು. ಉಳಿದದ್ದು ಆ ವಾರದ ಹಂದಿಮಾಂಸದ ಅಡುಗೆಗೆ ಹೋಯಿತೆಂದು ಆಮೇಲೆ ತಿಳಿಯಿತು. ಅಡುಗೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತಂತೆ.

ಅವಮಾನಕ್ಕೆ ಓದೇ ಮದ್ದು ಎಂದು ನಂಬಿದವನು ನಾನು. ಮತ್ತೆ ಲೆಕ್ಕಕ್ಕೆ ಕುಳಿತೆ. ಈ ಸಲ ಬಾಯಮ್ಮ ತಪ್ಪೆಂದು ಊಹಿಸದೆ, ಸರಿಯಿರಬಹುದೆಂದು ಊಹಿಸಿ. ಕಪ್ಪು ದ್ರಾಕ್ಷಿಯಲ್ಲಿ ಹುಳಿ ಹೆಚ್ಚು. ನೀರು ಬೆರೆಸಿದರೆ ಹುಳಿ ತೆಳುವಾಗುತ್ತದೆ. ನೀರು ಬೆರೆಸಿದಾಗ ಸಕ್ಕರೆಯೂ ತೆಳುವಾಗುವುದರಿಂದ ಅದನ್ನು ಹೊರಗಿನಿಂದ ತುಂಬಿಕೊಡಬೇಕು. ಹುದುಗಿ ಮುಗಿದ ಮೇಲೂ ಒಂದಿಷ್ಟು ಸಿಹಿ ಉಳಿದರೆ ಆ ಜೋರು ಪರಿಮಳಕ್ಕೆ ನಿಲ್ಲಲು ನೆಲ ಸಿಗುತ್ತದೆ. ನಾನು ಕಲಬೆರಕೆಯೆಂದು ತಿಳಿದಿದ್ದ ಒಂದೊಂದು ಹೆಜ್ಜೆಯೂ ಆ ಹಣ್ಣಿನ ಒಂದೊಂದು ಸ್ವಭಾವಕ್ಕೆ ಕೊಟ್ಟ ಉತ್ತರವಾಗಿತ್ತು. ಹುದುಗುವ ರಸಕ್ಕೆ ಸಕ್ಕರೆ ಸೇರಿಸುವ ಕ್ರಮವನ್ನು 1801ರಲ್ಲಿ ಗ್ರಂಥಸ್ಥ ಮಾಡಿ ಪ್ರತಿಪಾದಿಸಿದವನು ನೆಪೋಲಿಯನ್ನನ ಮಂತ್ರಿಯಾಗಿದ್ದ ರಸಾಯನ ವಿಜ್ಞಾನಿ ಶಾಪ್ತಾಲ್; ಅವನ ಹೆಸರಿನಿಂದಲೇ ಆ ಕ್ರಮವನ್ನು ಇಂದಿಗೂ ಕರೆಯುತ್ತಾರೆ. ಬಿಸಿಲು ಸಾಲದೆ ಹುಳಿಯಾಗಿಯೇ ಉಳಿದ ಜರ್ಮನಿಯ ಮೊಸೆಲ್ ಕಣಿವೆಯ ದ್ರಾಕ್ಷಿರಸಕ್ಕೆ ಸಕ್ಕರೆನೀರನ್ನೇ ಬೆರೆಸಿ ಹದಕ್ಕೆ ತರುವ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲುಡ್ವಿಗ್ ಗಾಲ್ ಎಂಬಾತ ಪ್ರಚಾರ ಮಾಡಿದ. ಅಮೆರಿಕದಲ್ಲಿ ಇದೇ ಲಾಬ್ರಸ್ಕಾ ಕುಲದ ಕಾಂಕರ್ಡ್ ದ್ರಾಕ್ಷಿಯಿಂದ ಯಹೂದಿಗಳು ಹಬ್ಬಕ್ಕೆಂದು ಮಾಡಿಕೊಂಡ ವೈನೂ ಪಾನಕದಷ್ಟೇ ಸಿಹಿ. ಒಂದೇ ಕುಲದ ಹಣ್ಣು ಎರಡು ಖಂಡಗಳಲ್ಲಿ ಎರಡು ಧರ್ಮದವರ ಅಡುಗೆಮನೆಗಳನ್ನು ಒಂದೇ ತೀರ್ಮಾನಕ್ಕೆ ತಂದು ನಿಲ್ಲಿಸಿದೆ ಎಂದಮೇಲೆ, ತಪ್ಪು ನನ್ನ ಹೈಡ್ರೋಮೀಟರಿನದಲ್ಲ, ಅದನ್ನು ಹಿಡಿದ ಕೈಯದು. ಬೋರ್ದೋದ ಹಣ್ಣಿಗೆ ಒಪ್ಪುವ ನಿಯಮವನ್ನು ದೇವನಹಳ್ಳಿಯ ಹಣ್ಣಿನ ಮೇಲೆ ಹೇರಿದ್ದೆ.

ಅಗ್ಗದ ವೈನನ್ನು ಕುರಿತ ನನ್ನ ತಾತ್ಸಾರವೂ ಹೀಗೆಯೇ ಸಡಿಲವಾಯಿತು. ಬೆಲೆ ನಾಲಿಗೆಯನ್ನು ಹೇಗೆ ಆಳುತ್ತದೆ ಎಂಬುದಕ್ಕೆ 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ: ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದಾಗ, ಹೆಚ್ಚು ಬೆಲೆಯದೇ ರುಚಿಯೆಂದು ಜನ ಹೇಳಿದ್ದಲ್ಲದೆ, ಸುಖವನ್ನು ದಾಖಲಿಸುವ ಮಿದುಳಿನ ಭಾಗವೂ ಆಗ ಹೆಚ್ಚು ಚುರುಕಾಗಿತ್ತು. ಅಂದರೆ ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜವಾಗಿಯೂ ಹೆಚ್ಚು ಸುಖವಾಗಿತ್ತು. ನಾವು ನಾಲ್ವರು ಗೆಳೆಯರು ಮೂರು ಸೀಸೆಗಳನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಇಂಥದೇ ಪರೀಕ್ಷೆ ಮಾಡಿದೆವು. ಬರಿಯ ಬಾಯಿಗೆ ಕುಡಿದಾಗ ನಂದಿ ತಪ್ಪಲಿನ ನಡುಬೆಲೆಯ ಕೆಂಪು ವೈನ್ ಗೆದ್ದಿತು, ಇದನ್ನು ಮುಚ್ಚಿಡುವುದಿಲ್ಲ. ಆದರೆ ಕೋಳಿ ಸುಕ್ಕವೂ ನೀರುದೋಸೆಯೂ ಮೇಜಿಗೆ ಬಂದ ಮೇಲೆ ಫಲಿತಾಂಶ ತಿರುಗಿತು. ಒಗರು ಮತ್ತು ಮದ್ಯಸಾರ ಎರಡೂ ಮೆಣಸಿನ ಉರಿಯನ್ನು ಕೆರಳಿಸುತ್ತವೆ, ಸಿಹಿ ಅದನ್ನು ತಣಿಸುತ್ತದೆ. ದುಬಾರಿ ವಿದೇಶಿ ಸೀಸೆ ಬ್ಯಾಡಗಿ ಮೆಣಸಿನ ಮುಂದೆ ಕಹಿಯಾಗಿ ಕುಳಿತಾಗ, ಎಲ್ಲಕ್ಕಿಂತ ಅಗ್ಗದ, ತಣ್ಣಗೆ ಮಾಡಿದ ಸಿಹಿ ವೈನಿನ ಸೀಸೆ ಮೊದಲು ಬರಿದಾಯಿತು. ನಮ್ಮ ಊಟಕ್ಕೆ ಒಗ್ಗುವ ವೈನ್ ಯಾವುದೆಂದು ನಮ್ಮ ಊಟವನ್ನೇ ಕೇಳುವುದು ಲೇಸು ಎಂದು ನನಗೆ ಅನಿಸಿದ್ದು ಅಂದು. ಅಗ್ಗದ ವೈನನ್ನು ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು ಕುಡಿಯಬೇಕು ಎಂಬ ಪುಟ್ಟ ಸಲಹೆಯನ್ನೂ ಸೇರಿಸುತ್ತೇನೆ. ತಂಪಿನಲ್ಲಿ ಸಿಹಿ ಹಿತಮಿತವಾಗುತ್ತದೆ, ಪರಿಮಳ ಸೌಮ್ಯವಾಗುತ್ತದೆ.

ಮರುವರ್ಷ ಎರಡು ಕಡೆಗೂ ಮರ್ಯಾದೆ ಕೊಟ್ಟು ಭರಣಿ ತುಂಬಿಸಿದೆ. ಐದು ಕಿಲೋ ಹಣ್ಣಿಗೆ ಒಂದು ಲೀಟರ್ ನೀರು, ಸಕ್ಕರೆ ಒಂದು ಕಿಲೋಗೆ ಸ್ವಲ್ಪ ಕಡಿಮೆ, ಅದೂ ಮೂರು ಕಂತಿನಲ್ಲಿ. ಒಮ್ಮೆಗೇ ಸುರಿದರೆ ಅಷ್ಟು ಸಿಹಿಯಲ್ಲಿ ಈಸ್ಟ್ ಏದುಸಿರು ಬಿಡುತ್ತದೆ. ಉಪ್ಪಿನಕಾಯಿಯನ್ನು ಉಪ್ಪು ಕಾಯುವಂತೆ, ಮುರಬ್ಬವನ್ನು ಸಕ್ಕರೆ ಕಾಯುವುದು ಸೂಕ್ಷ್ಮಜೀವಿಗಳ ನೀರನ್ನು ಹೀರಿಕೊಂಡೇ ಅಲ್ಲವೇ. ಎರಡು ಲವಂಗ ಹಾಕಿದೆ, ಚಕ್ಕೆ ಬಿಟ್ಟೆ. ಬೆಂಗಳೂರಿನ ನವೆಂಬರಿನ ಚಳಿಯಲ್ಲಿ ಹುದುಗು ಮಂಗಳೂರಿನ ಸೆಕೆಯಲ್ಲಿ ಓಡುವಂತೆ ಓಡಲಿಲ್ಲ, ನಿಧಾನವಾಗಿ ನಡೆಯಿತು. ಅದರಿಂದಲೋ ಏನೋ ಹಣ್ಣಿನ ಪರಿಮಳ ಹೆಚ್ಚು ಉಳಿಯಿತು. ಸೋಸುವಾಗ ಹಿಂಡದೆ, ತೆಳುಬಟ್ಟೆಯಲ್ಲಿ ತಾನಾಗಿ ಇಳಿಯಲು ಬಿಟ್ಟೆ. ಗಸಿ ತಳಕ್ಕೆ ಕೂರುವವರೆಗೆ ತಿಂಗಳುಗಟ್ಟಲೆ ಕಾದು, ಮೇಲಿನ ತಿಳಿಯನ್ನು ಸಣ್ಣ ಕೊಳವೆಯಿಂದ ಎರಡು ಸಲ ಬೇರೆ ಸೀಸೆಗೆ ಇಳಿಸಿದೆ. ಹಣ್ಣು, ಸಕ್ಕರೆ, ಈಸ್ಟ್ ಎಲ್ಲ ಸೇರಿ 500 ರೂಪಾಯಿ ದಾಟಲಿಲ್ಲ. ಕೈಗೆ ಬಂದದ್ದು ಐದು ಸೀಸೆ. ಸಿಹಿ ಬಾಯಮ್ಮನದರಲ್ಲಿ ಇರುವುದಕ್ಕಿಂತ ಕಡಿಮೆ, ನನ್ನ ಮೊದಲ ವರ್ಷದ್ದಕ್ಕಿಂತ ಬಹಳ ಹೆಚ್ಚು.

ಮುಂದಿನ ಕ್ರಿಸ್ಮಸ್ಸಿಗೆ, ಅಂದರೆ ಪೂರ್ತಿ ಒಂದು ವರ್ಷ ಮಾಗಿದ ಮೇಲೆ, ಅದರಲ್ಲೊಂದು ಸೀಸೆಯನ್ನು ಹಿಡಿದು ಊರಿಗೆ ಹೋದೆ. ಬಾಯಮ್ಮನ ಮನೆಯ ತುಂಬ ನೆಂಟರು. ಅವರು ಅಡುಗೆಮನೆಯಲ್ಲೇ ನಿಂತು ಒಂದು ಗುಟುಕು ಕುಡಿದರು, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಇನ್ನೊಂದು ಗುಟುಕು ಕುಡಿದರು. ಆಮೇಲೆ ಕಪಾಟಿನ ಮೇಲಿನ ಅರೆಯಿಂದ ಹೂವಿನ ಕೆತ್ತನೆಯ ಆ ಪುಟ್ಟ ಗಾಜಿನ ಲೋಟಗಳನ್ನು, ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಯುವ ಲೋಟಗಳನ್ನು, ಇಳಿಸಿ ಸೆರಗಿನಿಂದ ಒರೆಸತೊಡಗಿದರು. ಎಂಟು ಲೋಟಗಳಿಗೆ ನನ್ನ ವೈನನ್ನು ಬಗ್ಗಿಸಿ ತಟ್ಟೆಯಲ್ಲಿ ಜೋಡಿಸಿ, ಅದನ್ನು ನನ್ನ ಕೈಗೇ ಕೊಟ್ಟು, ಚಾವಡಿಯ ಕಡೆಗೆ ಕಣ್ಣು ತೋರಿಸಿದರು. ನಾನು ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೇಳಿದರು:

"ಗೋಧಿ ಹಾಕಲಿಲ್ಲ ಅಲ್ಲವಾ ನೀನು?"

"ಇಲ್ಲ ಬಾಯಮ್ಮ."

"ಗೊತ್ತಾಗ್ತದೆ" ಎಂದರು.